ತುಂಬಿದ ಹಾಗೇ ವಾಪಸ್ ಬಂದ ಬಾಟಲಿ

ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇದ್ದೇ ಇರುತ್ತೆ. ಅಪ್ಪ ವೆಲ್ಡಿಂಗ್ ಕೆಲಸದವನು. ಬೀದಿಯ ಮುಕ್ಕಾಲು ಗೇಟು, ಕಿಟಕಿ ಸರಳು, ಬಾಗಿಲ ಚಿಲಕ ಎಲ್ಲಾ ಅವನ ಕೈಯವೇ. ಅಮ್ಮ ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು, ಅದರ ಪಕ್ಕದ ಮಂಚದ ಮೇಲೆ ಅವಳ ಅತ್ತೆ. ಮಗಳಿಗೆ ಹದಿಮೂರು ವರ್ಷ. ಚಿಕ್ಕವಳಿದ್ದಾಗ ಬಾಯಿಗೆ ಬಿಡುವೇ ಕೊಡುತ್ತಿರಲಿಲ್ಲ ಅಂತ ಎಲ್ಲರೂ ಅವಳನ್ನ ಚೂಟಿ ಅಂತ ಕರೆದರು. ಹೆಸರು ಉಳೀತು, ಮಾತು ಹೋಯ್ತು. ಇತ್ತೀಚೆಗೆ ಕೇಳಿದ್ದಕ್ಕಷ್ಟೇ ಉತ್ತರ. ಮಗಳು ದೊಡ್ಡವಳಾದಳು, ಗಾಂಭೀರ್ಯ ಬಂತು ಅಂತ ಟೈಲರಮ್ಮನಿಗೆ ಒಳಗೊಳಗೇ ಹೆಮ್ಮೆ.

ದಿನಾ ಬೆಳಿಗ್ಗೆ ಟೈಲರಮ್ಮ ಬಾಟಲಿಗೆ ನೀರು ತುಂಬಿ ಮಗಳ ಚೀಲಕ್ಕೆ ಹಾಕುತ್ತಿದ್ದಳು. ಸಂಜೆ ಬಾಟಲಿ ತುಂಬಿದ ಹಾಗೇ ವಾಪಸ್. ಚೆಲ್ಲೋದ್ಯಾಕೆ ಅಂತ ಆ ನೀರನ್ನ ಕಿಟಕಿಯಲ್ಲಿದ್ದ ಡಬ್ಬದ ಗಿಡಕ್ಕೆ ಸುರಿಯುತ್ತಿದ್ದಳು. ಗಿಡ ಏನು ಸೊಂಪಾಗಿ ಬಂತು ಅಂತೀರಾ! ಬಟ್ಟೆ ಹೊಲಿಸೋಕೆ ಬಂದವರೆಲ್ಲ ಒಂದು ಕೊಂಬೆ ಕೊಡು ಅನ್ನೋರು. ಗಿಡ ಬೆಳೀತಾ ಇತ್ತು, ಹುಡುಗಿ ಬಾಡ್ತಾ ಇದ್ದಳು. ಎರಡೂ ಒಂದೇ ಕಿಟಕಿ ಹತ್ತಿರ ಇದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ತಿಂಗಳಲ್ಲಿ ಮೂರು ಸಲ ಜ್ವರ ಬಂತು. ಜೊತೆಗೆ ಚಳಿ, ಸೊಂಟ ನೋವು. ಪ್ರತಿ ಸಲ ಅಂಗಡಿಯಿಂದ ತಂದ ಒಂದು ಮಾತ್ರೆ, ಎರಡು ದಿನ ರಜ. ಮೂರನೇ ಜ್ವರಕ್ಕೆ ಅಜ್ಜಿ ತೀರ್ಮಾನವನ್ನೇ ಕೊಟ್ಟುಬಿಟ್ಟಳು.

"ಇವಳಿಗೆ ಆ ಶಾಲೆ ಒಗ್ಗಲ್ಲ ಕಣೇ. ಬಿಡಿಸಿಬಿಡು. ಮನೇಲಿ ಕೂತು ಹೊಲಿಗೆ ಕಲೀಲಿ."

ಟೈಲರಮ್ಮ ಇಲ್ಲ ಅನ್ನಲಿಲ್ಲ. ಈ ವಾರ ನೋಡೋಣ, ಸೋಮವಾರ ಹೋಗಿ ಹೆಸರು ತೆಗೆಸೋಣ ಅಂದಳು. ಒಳಗೆ ಮಲಗಿದ್ದ ಚೂಟಿ ಅದನ್ನ ಕೇಳಿಸಿಕೊಂಡು ಗೋಡೆ ಕಡೆ ತಿರುಗಿದಳು.

ಶನಿವಾರ ಸಂಜೆ ಆರೋಗ್ಯ ಕೇಂದ್ರದ ನರ್ಸಕ್ಕ ಬಂದಳು. ಅವಳ ಬಿಳಿ ಕೋಟಿನ ತೋಳು ಬಿಚ್ಚಿಹೋಗಿತ್ತು. ಟೈಲರಮ್ಮ ಬಾಟಲಿ ಹಿಡಿದು ಗಿಡಕ್ಕೆ ನೀರು ಸುರೀತಾ ಇದ್ದಳು.

"ಯಾರದ್ದೇ ಅದು ಬಾಟಲಿ?"

"ನಮ್ಮ ಚೂಟಿದು. ನಿನ್ನೆ ಜ್ವರ ಇಳೀತು ಅಂತ ಇವತ್ತು ಶಾಲೆಗೆ ಹೋಗಿದ್ಲು, ಮತ್ತೆ ಮೈ ಬಿಸಿ ಮಾಡ್ಕೊಂಡು ಬಂದಿದ್ದಾಳೆ. ಸೋಮವಾರ ಶಾಲೆ ಬಿಡಿಸೋಣ ಅಂತಿದ್ದೀವಿ. ಬಾಟಲಿ ಮಾತ್ರ ದಿನಾ ಹೀಗೇ ತರ್ತಾಳೆ."

"ದಿನಾನಾ?" ನರ್ಸಕ್ಕ ಕೋಟನ್ನ ಮೆಷಿನ್ ಮೇಲೆ ಎಸೆದು ಸೀದಾ ಒಳಗೆ ಹೋಗಿ ಹುಡುಗಿ ಪಕ್ಕ ಕೂತಳು. "ಚೂಟಿ, ಒಂದಕ್ಕೆ ಹೋಗುವಾಗ ಉರಿಯುತ್ತಾ ಮಗಾ?"

ಹುಡುಗಿ ಹಿಂದೆಯೇ ಬಂದ ಅಮ್ಮನ ಮುಖ ನೋಡಿದಳು. ಆಮೇಲೆ ಹೌದು ಅಂತ ತಲೆ ಆಡಿಸಿದಳು.

"ಶಾಲೆಯಲ್ಲಿ ನೀರು ಯಾಕೆ ಕುಡಿಯಲ್ಲ?"

"ಕುಡಿದ್ರೆ ತಾನೇ ಬರೋದು?" ಲೆಕ್ಕ ಬಿಡಿಸಿದವಳ ಹಾಗೆ ಹೇಳಿದಳು ಚೂಟಿ. "ನಮ್ಮ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ ಅಕ್ಕ. ಹೊರಗೆ ಯಾರಾದ್ರೂ ಹಿಡ್ಕೊಂಡು ನಿಲ್ಬೇಕು. ಒಂದಿನ ನನ್ನ ಫ್ರೆಂಡು ಹಿಡ್ಕೊಂಡಿದ್ಲು, ಬೆಲ್ ಹೊಡೀತು ಅಂತ ಓಡಿಹೋದ್ಲು. ಬಾಗಿಲು ತೆರ್ಕೊಂಡುಬಿಡ್ತು. ಎಲ್ಲಾ ನೋಡಿ ನಕ್ರು."

"ಯಾವಾಗ ಇದು?"

"ಹೋದ ವರ್ಷ."

"ಅಯ್ಯೋ ದೇವರೇ! ಅಮ್ಮನಿಗೆ ಹೇಳೋದಲ್ವಾ?"

"ಅಮ್ಮ ಚಿವುಟ್ತಾಳೆ."

"ನಾನಾ? ನಾನ್ಯಾವಾಗ ಚಿವುಟಿದ್ದೆ?" ಅಂತ ಟೈಲರಮ್ಮ ಬಾಯಿ ತೆಗೆದವಳು ಅರ್ಧಕ್ಕೇ ನಿಲ್ಲಿಸಿದಳು. ನೆನಪಾಗಿಬಿಟ್ಟಿತು. ಚೂಟಿಗೆ ಆಗ ಆರು ವರ್ಷ. ಮನೆ ತುಂಬ ನೆಂಟರು. ಹುಡುಗಿ ನಡುಮನೆಯಲ್ಲಿ ನಿಂತು, ಅಮ್ಮಾ ಒಂದಕ್ಕೆ ಬಂತು ಅಂತ ಕೂಗಿದ್ದಳು. ಟೈಲರಮ್ಮ ನಗುನಗುತ್ತಲೇ ಅವಳ ತೊಡೆ ಚಿವುಟಿ, ಹೆಣ್ಣುಮಕ್ಕಳು ಅದನ್ನೆಲ್ಲ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬಾರದು ಅಂತ ಕಿವಿಯಲ್ಲಿ ಉಸುರಿದ್ದಳು. ತಾನು ಮರೆತಿದ್ದಳು, ಮಗಳು ಮರೆತಿರಲಿಲ್ಲ.

ಅಜ್ಜಿ ಮಂಚದಿಂದಲೇ ದನಿ ಏರಿಸಿದಳು. "ಇದೇನು ದೊಡ್ಡ ವಿಷಯ ಅಂತ ಹಿಡ್ಕೊಂಡು ಕೂತಿದ್ದೀಯಮ್ಮ? ನಾವು ಬೆಳಗಿನ ಜಾವ ಹೋದ್ರೆ ಮತ್ತೆ ಕತ್ತಲಾಗೋವರೆಗೂ ತಡ್ಕೊಳ್ತಿದ್ವಿ. ನಾವೇನು ಸತ್ತು ಹೋದ್ವಾ?"

"ಸತ್ತಿಲ್ಲ ಅಜ್ಜಿ, ಗಟ್ಟಿಯಾಗೇ ಇದ್ದೀರಿ, ಗದರಿಸ್ತಾನೂ ಇದ್ದೀರಿ," ನರ್ಸಕ್ಕ ನಕ್ಕಳು. "ಆದ್ರೆ ನಿಜ ಹೇಳಿ, ನಿಮಗೆ ಉರಿ ಬರ್ತಿರಲಿಲ್ವಾ? ಸೊಂಟ ಹಿಡಿದುಕೊಳ್ತಿರಲಿಲ್ವಾ?"

ಅಜ್ಜಿ ಸೆರಗಿನ ಅಂಚು ಮಡಿಸಿದಳು.

"ಬರ್ತಿತ್ತು," ಅಂದಳು. "ನಲವತ್ತು ವರ್ಷ ಬಂತು. ಹೆಂಗಸರಿಗೆ ಅದು ಇರೋದೇ ಅಂದ್ಕೊಂಡಿದ್ದೆ."

"ಇರೋದೇ ಅಲ್ಲ ಅಜ್ಜಿ, ಅದು ಕಾಯಿಲೆ. ನೀರು ಕುಡಿಯದೆ, ಬಂದಾಗ ಹೋಗದೆ ತಡೆದುಕೊಂಡ್ರೆ ಮೂತ್ರದಲ್ಲಿ ಸೋಂಕಾಗುತ್ತೆ. ಹಾಗೇ ಬಿಟ್ರೆ ಕಿಡ್ನಿಗೂ ಹತ್ತುತ್ತೆ. ನನಗೆ ಅದೇ ಅನುಮಾನ. ಚಳಿ ಜ್ವರ ಬೇರೆ ಇದೆ, ಕಾಯೋದು ಬೇಡ. ಈಗಲೇ ನನ್ನ ಜೊತೆ ಹೊರಡಿ, ಡಾಕ್ಟರು ಇದ್ದಾರೆ. ಅಂಗಡಿ ಮಾತ್ರೆ ನುಂಗಿದ್ದು ಸಾಕು. ಕಾಯಿಲೆ ವಾಸಿಯಾಗುತ್ತೆ. ಆದ್ರೆ ಒಮ್ಮೆ ಬಿಡಿಸಿದ ಶಾಲೆ ವಾಪಸ್ ಬರಲ್ಲ. ಚಿಲಕ ಇಲ್ಲದ ಬಾಗಿಲಿಗೆ ಹುಡುಗಿ ಶಾಲೆ ಬಿಡಬೇಕಾ?"

"ಚಿಲಕಾನಾ?"

ಎಲ್ಲರೂ ತಿರುಗಿದರು. ಕೆಲಸ ಮುಗಿಸಿ ಬಂದ ವೆಲ್ಡರ್ ಬಾಗಿಲಲ್ಲಿ ನಿಂತಿದ್ದ. ಕೈಗವಸನ್ನೂ ತೆಗೆದಿರಲಿಲ್ಲ. "ಬೀದಿಗೆಲ್ಲ ಚಿಲಕ ಹಾಕಿಕೊಟ್ಟೋನು ನಾನು," ಅಂದ. ಕೈಗವಸು ಕಿತ್ತಿಟ್ಟು ಮಗಳನ್ನ ಎಬ್ಬಿಸಿದ.

ಮೂತ್ರ ಪರೀಕ್ಷೆಯಲ್ಲಿ ನರ್ಸಕ್ಕನ ಅನುಮಾನ ನಿಜವಾಯ್ತು. ಡಾಕ್ಟರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಬೇಕು, ಜ್ವರ ಇಳೀತು ಅಂತ ನಡುವೆ ಬಿಡಬಾರದು ಅಂತ ಎರಡೆರಡು ಸಲ ಹೇಳಿದರು.

ಸೋಮವಾರ ಗಂಡ ಹೆಂಡತಿ ಶಾಲೆಗೆ ಹೋದರು, ಹೆಸರು ತೆಗೆಸೋಕಲ್ಲ. ಟಾಯ್ಲೆಟ್ ವಿಷಯ ಮೇಲಿನವರಿಗೆ ಬರೆದಿದ್ದೀವಿ, ದುಡ್ಡು ಬರುತ್ತೆ ಅಂದರು ಹೆಡ್‌ಮಾಸ್ತರು.

"ಬರಲಿ ಸಾರ್. ಅದು ಬರೋವರೆಗೂ ಇದಿರಲಿ," ಅಂತ ವೆಲ್ಡರ್ ಚೀಲದಿಂದ ಎರಡು ಚಿಲಕ ತೆಗೆದ.

ಅವನು ಚಿಲಕ ಕೂರಿಸುವಷ್ಟರಲ್ಲಿ ಟೈಲರಮ್ಮ ಟೀಚರ ಹತ್ತಿರ ಕೂತು ಮಾತಾಡಿದಳು. ಶುರುವಿನಲ್ಲಿ ನಾಲಿಗೆ ತಡವರಿಸಿತು, ಆಮೇಲೆ ಸರಾಗವಾಯ್ತು. ಒಳಗೆ ನೀರು, ಸೋಪು ಬೇಕು ಅಂದಳು. ನಕ್ಕ ಮಕ್ಕಳಿಗೂ ತಿಳಿಹೇಳಬೇಕು ಅಂದಳು. ಮುಂದಿನ ಪೋಷಕರ ಸಭೆಯಲ್ಲಿ ಇದೇ ಮಾತು ಎತ್ತಿದಾಗ ಹನ್ನೊಂದು ಜನ ಅಮ್ಮಂದಿರು, ನಮ್ಮ ಮಕ್ಕಳ ಬಾಟಲಿಯೂ ತುಂಬಿದ ಹಾಗೇ ಬರುತ್ತೆ ಅಂದರು. ಹನ್ನೊಂದು ಮನೆ! ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೇ.

ಚೂಟಿ ಶಾಲೆ ಬಿಡಲಿಲ್ಲ. ಒಂದು ತಿಂಗಳಾದ ಮೇಲೆ ಮನೆಗೆ ನೆಂಟರು ಬಂದಿದ್ದರು. ಎಲ್ಲರೂ ಟೀ ಕುಡೀತಾ ಕೂತಿದ್ದಾಗ ಚೂಟಿ ನಡುವಿನಿಂದ ಎದ್ದು, "ನಾನು ಒಂದಕ್ಕೆ ಹೋಗಿ ಬರ್ತೀನಿ," ಅಂದಳು. ಟೈಲರಮ್ಮನ ಎರಡು ಬೆರಳು ಹಳೇ ಅಭ್ಯಾಸಕ್ಕೆ ತಾವಾಗೇ ಒಂದಾದವು. ಆ ಬೆರಳನ್ನ ನೋಡಿಕೊಂಡು ಅವಳು ಕೈಯನ್ನ ಮಡಿಲಿಗೆ ಇಳಿಸಿದಳು. "ಹೋಗಿ ಬಾ ಮಗಳೇ," ಅಂದಳು, ಎಲ್ಲರಿಗೂ ಕೇಳೋ ಹಾಗೆ.

"ತಡಿಯೇ, ನಾನೂ ಬಂದೆ," ಅಂತ ಅಜ್ಜಿ ಕೋಲು ಹುಡುಕಿದಳು.

ಈಗ ಆ ಬಾಟಲಿ ಸಂಜೆ ಖಾಲಿ ಬರುತ್ತೆ. ಗಿಡಕ್ಕೆ ಟೈಲರಮ್ಮ ಬೇರೆ ಚೊಂಬಿನಲ್ಲಿ ನೀರು ಹಾಕ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಸಂಜೆ ನಿಮ್ಮ ಮಗಳು ಶಾಲೆಯಿಂದ ಬಂದಾಗ ಅವಳ ಬಾಟಲಿಯನ್ನ ಒಮ್ಮೆ ಎತ್ತಿ ನೋಡಿ. ಭಾರವಾಗಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿ. ಅವಳು ಹೇಳೋವರೆಗೂ ಕಾಯಿರಿ. ಆಮೇಲೆ ಶಾಲೆಗೆ ಹೋಗಿ, ಟಾಯ್ಲೆಟ್ ಬಾಗಿಲಿಗೆ ಚಿಲಕ ಇದೆಯಾ ಅಂತ ನಿಮ್ಮ ಕೈಯಿಂದಲೇ ಹಾಕಿ ನೋಡಿ.