ರಕ್ಷಾಳ ಕಾಲು, ಅಪ್ಪನ ಅವಸರ

ಟಿ. ದಾಸರಹಳ್ಳಿಯ ಆ ಮೂರಂತಸ್ತಿನ ಕಟ್ಟಡದಲ್ಲಿ ರಕ್ಷಾ ನಡೆದುಕೊಂಡು ಮೆಟ್ಟಿಲಿಳಿದದ್ದನ್ನು ಯಾರೂ ನೋಡಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಬರುವ ಹುಡುಗಿ. ಎಂಟನೆಯ ಕ್ಲಾಸು, ಶಾಲೆಯ ಖೋ ಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು. “ಇವಳನ್ನ ಹಿಡಿಯೋದೂ ಒಂದೇ, ಸೊಳ್ಳೆ ಹಿಡಿಯೋದೂ ಒಂದೇ” ಎಂದು ಪಿ.ಟಿ. ಮೇಷ್ಟ್ರು ಬಾಲರಾಜು ನಗುತ್ತಿದ್ದರು.

ಅಂಥವಳು ಒಂದು ಬುಧವಾರ ಸಂಜೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಕೆಳಮನೆಯ ಗಜಾಲಾ ಆಗಷ್ಟೇ ಕೆಲಸದಿಂದ ಬಂದಿದ್ದರು. ಅವರು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನಡಿಗೆ ನೋಡಿದರೆ ಸಾಕು, ನೋವು ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತದೆ.

“ಏನಾಯ್ತು ಪುಟ್ಟಾ ಕಾಲಿಗೆ?”

“ಏನಿಲ್ಲ ಆಂಟಿ. ಸುಮ್ನೆ.”

“ಸುಮ್ನೆ ಯಾರಾದ್ರೂ ಗೋಡೆ ಹಿಡ್ಕೊಂಡು ಇಳೀತಾರಾ? ಎಲ್ಲಿ, ಶೂ ಬಿಚ್ಚು.”

ಪಾದದ ಗಂಟು ನೀಲಿಗಟ್ಟಿ ಊದಿಕೊಂಡಿತ್ತು. ಸೋಮವಾರ ಪ್ರಾಕ್ಟೀಸಿನಲ್ಲಿ ಕಾಲು ಹೊರಳಿತ್ತಂತೆ.

“ಅಪ್ಪಂಗೆ ಹೇಳ್ಬೇಡಿ ಆಂಟಿ, ಪ್ಲೀಸ್. ಶನಿವಾರ ಜಿಲ್ಲಾ ತಂಡದ ಸೆಲೆಕ್ಷನ್. ಫ್ಯಾಕ್ಟರೀಲಿ ಎಲ್ಲರಿಗೂ ಹೇಳ್ಬಿಟ್ಟಿದ್ದಾರೆ.”

“ಹೇಳ್ಲೇಬೇಕು ಕಣೇ. ಬಾ, ಇಬ್ರೂ ಹೋಗಿ ಹೇಳೋಣ.”

ರಕ್ಷಾಳ ತಂದೆ ವೀರಬಸಪ್ಪ ಪೀಣ್ಯದಲ್ಲಿ ಲೇತ್ ಮಷೀನು ನಡೆಸುವವರು. ವಿಜಯಪುರದ ಕಡೆಯಿಂದ ಬಂದು ಹದಿನೈದು ವರ್ಷವಾಗಿದೆ. ಮಗಳ ಕಾಲು ನೋಡಿ ಅವರೇನೂ ಗಾಬರಿಯಾಗಲಿಲ್ಲ.

“ಇಷ್ಟಕ್ಕ ಯಾಕ್ ಹೆದರ್ತೀರಿ ತಂಗೀ? ಎಣ್ಣಿ ಹಚ್ಚಿ ಜೋರ್ ತಿಕ್ಕಿದ್ರ ಇಳೀತೈತಿ. ಶನಿವಾರ ಒಂದು ನೋವಿನ ಗುಳಿಗಿ ಕೊಟ್ರ ಆತು, ಓಡ್ತಾಳ.”

“ಅಣ್ಣಾ, ಈಗ ತಿಕ್ಕಿದ್ರೆ ಊತ ಇನ್ನೂ ಜಾಸ್ತಿ ಆಗುತ್ತೆ. ಮಾತ್ರೆ ನೋವನ್ನ ಮುಚ್ಚುತ್ತೆ ಅಷ್ಟೆ, ಒಳಗಿನ ಪೆಟ್ಟು ಹಾಗೇ ಇರುತ್ತೆ. ಅದೇ ಕಾಲು ಇನ್ನೊಂದ್ಸಲ ಹೊರಳಿದ್ರೆ ವರ್ಷಗಟ್ಟಲೆ ಕಾಡ್ಬಹುದು.”

“ಸೆಲೆಕ್ಷನ್ ತಪ್ಪಿದ್ರ? ಎರಡು ವರ್ಷದಿಂದ ಮುಂಜಾನೆ ಐದಕ್ಕ ಎಬ್ಬಿಸಿ ಕರ್ಕೊಂಡ್ ಹೋಗೇನ್ರೀ ನಾ!”

“ನನ್ನ ಕೇಳ್ಬೇಡಿ. ರಕ್ಷಾನ ಕೇಳಿ. ಓಡ್ಬೇಕಾಗಿರೋದು ಅವಳಲ್ವಾ?”

ವೀರಬಸಪ್ಪ ಮಗಳತ್ತ ತಿರುಗಿದರು. “ಹೇಳವ್ವಾ. ಭಾಳ ನೋವೈತೇನ?”

ರಕ್ಷಾ ಬಿಕ್ಕಿದಳು. “ಸೋಮವಾರದಿಂದ ನೋವೈತಪ್ಪಾ. ನಾ ಆಡಲಿಲ್ಲಂದ್ರ ನಿನ್ನ ಫ್ಯಾಕ್ಟರಿ ಮಂದಿ ಏನಂತಾರ ಅಂತ ಹೇಳಲಿಲ್ಲ.”

ರೊಟ್ಟಿ ಬಡಿಯುತ್ತಿದ್ದ ತಾಯಿ ಈರವ್ವನ ಕೈ ನಿಂತಿತು. “ಮೂರು ದಿನ ಕೂಸು ಹಲ್ಲು ಕಚ್ಕೊಂಡು ಸಾಲಿಗೆ ಹೋಗೈತಿ. ನಾವಿಬ್ರೂ ಮನ್ಯಾಗ ಇದ್ದು ಏನ್ ಮಾಡಿದ್ವಿ?”

ವೀರಬಸಪ್ಪ ನೆಲದ ಮೇಲೆ ಕೂತು ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಗಜಾಲಾರತ್ತ ತಿರುಗಿ ಕೇಳಿದರು: “ಈಗೇನ್ ಮಾಡೂಣು, ಹೇಳ್ರಿ ತಂಗೀ.”

“ಐಸನ್ನ ಬಟ್ಟೇಲಿ ಸುತ್ತಿ ಹದಿನೈದು ನಿಮಿಷ ಇಡಿ, ದಿನಕ್ಕೆ ನಾಲ್ಕು ಸಲ. ಕಾಲ್ಕೆಳಗೆ ದಿಂಬು ಇರ್ಲಿ. ಬಿಸಿ ಶಾಖ ಬೇಡ, ಮಾಲೀಶು ಬೇಡ. ಮೂಳೆ ಒತ್ತಿದ್ರೆ ನೋವು ಅಂತಾಳೆ, ಅದಕ್ಕೆ ನಾಳೇನೇ ಡಾಕ್ಟರ್‌ಗೆ ತೋರಿಸಿ.”

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಕೀಲಿನ ನಾರು ಉಳುಕಿತ್ತು. ಆರು ವಾರ ಆಟ ಬೇಡ ಎಂದರು ಡಾಕ್ಟರು.

ಶನಿವಾರ ಬೆಳಗ್ಗೆ ರಕ್ಷಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಲರಾಜು ಮೇಷ್ಟ್ರೇ ಮನೆಗೆ ಬಂದರು. “ರಜೆ ಕಾಲಿಗೆ ಮಾತ್ರ ಕಣಮ್ಮಾ. ಕಣ್ಣಿಗೂ ಬಾಯಿಗೂ ಯಾರ್ ರಜೆ ಕೊಟ್ರು? ಏಳು, ನಮ್ ಜೊತೆ ಬಾ.” ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಯಾರು ಯಾವ ಕಡೆ ತಿರುಗುತ್ತಾರೆಂದು ನೋಡಿ ನೋಡಿ ರಕ್ಷಾ ಗೆಳತಿಯರಿಗೆ ಹೇಳಿದಳು. ಗೆಳತಿ ಸ್ಮಿತಾ ಆಯ್ಕೆಯಾದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳೂ ಅವಳೇ. ಮನೆಗೆ ಬಂದ ಮೇಲೆ ಅತ್ತಳು. ಅಳಬೇಡ ಎಂದು ಅಪ್ಪ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದರು.

ಊತ ಇಳಿದ ಮೇಲೆ ಗಜಾಲಾ ವ್ಯಾಯಾಮ ಶುರು ಮಾಡಿಸಿದರು. ಒಂಟಿ ಕಾಲಲ್ಲಿ ನಿಲ್ಲುವುದು, ಮೊದಲು ಗೋಡೆ ಹಿಡಿದು, ಆಮೇಲೆ ಹಿಡಿಯದೆ.

“ಇದೇನ್ ಮಹಾ!” ಎಂದು ಒಂದು ದಿನ ವೀರಬಸಪ್ಪನೂ ನಿಂತರು. ಎಂಟು ಎಣಿಸುವಷ್ಟರಲ್ಲಿ ವಾಲಿ ಒಗೆದ ಬಟ್ಟೆಯ ರಾಶಿಯ ಮೇಲೆ ಬಿದ್ದರು. ಈರವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸದ್ದು ಕೇಳಿ ಏನಾಯ್ತೋ ಎಂದು ಕೆಳಮನೆಯಿಂದ ಓಡಿ ಬಂದ ಗಜಾಲಾ ಬಾಗಿಲಲ್ಲೇ ನಗುತ್ತಾ ನಿಂತರು.

ಏಳನೆಯ ವಾರ ರಕ್ಷಾ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದಳು. ನೋವಿಲ್ಲ, ಊತವಿಲ್ಲ. ಡಾಕ್ಟರು ಒಪ್ಪಿದರು. “ಮೊದಲು ಅರ್ಧ ಹೊತ್ತು ಆಡು, ಆಮೇಲೆ ಪೂರ್ತಿ” ಎಂದರು ಗಜಾಲಾ.

ಮುಂದಿನ ತಿಂಗಳು ಯಲಹಂಕದಲ್ಲಿ ಶಾಲೆ ಶಾಲೆಗಳ ಪಂದ್ಯ. ಮೊದಲ ಸರದಿಯಲ್ಲಿ ರಕ್ಷಾ ಒಂದೇ ನಿಮಿಷಕ್ಕೆ ಔಟು. ಮೊದಲಾಗಿದ್ದರೆ ವೀರಬಸಪ್ಪ ಗೆರೆಯಾಚೆಯಿಂದಲೇ ಬೈಯುತ್ತಿದ್ದರು. ಈಗ ಚಪ್ಪಾಳೆ ತಟ್ಟಿದರು. ಎರಡನೆಯ ಸರದಿಯಲ್ಲಿ ಅವಳು ಮೂರು ನಿಮಿಷಕ್ಕೂ ಹೆಚ್ಚು ಕಾಲ ಯಾರ ಕೈಗೂ ಸಿಗಲಿಲ್ಲ. ಕೊನೆಗೆ ತಂಡ ಒಂದು ಪಾಯಿಂಟಿನಿಂದ ಸೋತಿತು. ರಕ್ಷಾ ಮಾತ್ರ ಮೈಯೆಲ್ಲಾ ಮಣ್ಣು ಮಾಡಿಕೊಂಡು, ನಗುತ್ತಾ ಓಡಿ ಬಂದಳು.

“ಹೆಂಗಿತ್ತವ್ವಾ ಆಟ?” ಎಂದು ಕೇಳಿದರು ಅಪ್ಪ.

“ಭಾರಿ ಮಜಾ ಬಂತಪ್ಪಾ! ಅವ್ವಾ, ಹೊಟ್ಟಿ ಹಸದೈತಿ!”

ಈರವ್ವ ಶೇಂಗಾ ಹೋಳಿಗೆಯ ಡಬ್ಬಿ ತೆರೆದರು. ಇಡೀ ತಂಡ ಮುತ್ತಿಕೊಂಡಿತು.

ನಿಮ್ಮ ಮನೆಯಲ್ಲೂ ಆಡುವ ಮಗು ಇದೆಯೇ? ಇವತ್ತು ಅದು ಮನೆಗೆ ಬಂದಾಗ, ಗೆದ್ದೆಯಾ ಎಂದು ಕೇಳುವ ಮೊದಲು ಮೈ ಹೇಗಿದೆ, ಖುಷಿಯಾಗಿದ್ದೀಯಾ ಎಂದು ಕೇಳಿ. ಪೆಟ್ಟಾದರೆ ತಿಕ್ಕಬೇಡಿ, ಮಾತ್ರೆ ನುಂಗಿಸಿ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ. ಊಟ ಬಿಟ್ಟು ಮಂಕಾಗಿ ಕೂತರೆ ಅದೂ ಪೆಟ್ಟೇ. ಹತ್ತಿರ ಕೂತು ಮಾತಾಡಿಸಿ, ಬೇಕಾದರೆ ನೆರವು ಕೇಳಿ. ನೋವಾದಾಗ ನಿಮ್ಮ ಮಗು ಮೊದಲು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. ಆ ಧೈರ್ಯವನ್ನು ಇವತ್ತೇ ಕೊಡಿ.