ಸುಮಿತ್ರಮ್ಮನ ಸಾರಿನ ಪುಡಿ

ನನ್ನ ಹೆಂಡತಿ ಸುಮಿತ್ರಮ್ಮ ಶಿವನ ಪಾದ ಸೇರಿದ ಮೇಲೂ ಸೊಸೆ ಹೇಮಶ್ರೀಯ ಫೋನಿನಲ್ಲಿ ಅಡುಗೆ ಮಾಡುತ್ತಲೇ ಇದ್ದಳು. ಅತ್ತೆಯ ಅಡುಗೆಯನ್ನು ವಿಡಿಯೊ ಮಾಡಿ ಹಾಕಿದರೆ ದುಡ್ಡು ಬರುತ್ತದೆಂದು ಸೊಸೆ ಹೇಳಿದ್ದಳು. ಇದ್ದವಳ ಕೈರುಚಿಗೆ ಬಂದದ್ದು ಸರಿ. ಹೋದವಳ ಹೆಸರಿನಲ್ಲಿ ಬರುವುದು ಯಾವ ದುಡ್ಡು?

ಅವಳ ತಿಂಗಳ ಎಡೆ ಹತ್ತಿರ ಬಂದಾಗ ನೆರೆಮನೆಯ ಗುಂಡಯ್ಯ ಕಾಫಿ ಕಣಕ್ಕೆ ಬಂದ.

"ತಿಮ್ಮಯ್ಯ, ಸುಮಿತ್ರಕ್ಕ ಪ್ಯಾಕೆಟ್ ಸಾರಿನ ಪುಡಿ ಹೊಗಳ್ತಾವ್ರಲ್ಲೋ! ಹೆತ್ತೂರು ಹೋಟ್ಲಲ್ಲಿ ಎಲ್ರೂ ಅದ್ನೇ ನೋಡ್ತಾವ್ರೆ."

"ಅವಳು ಅಂಗಡಿ ಪುಡಿ ಮುಟ್ಟಿದೋಳಲ್ಲ ಕಣೋ."

"ಈಗ ಕಂಪ್ಯೂಟ್ರಲ್ಲಿ ಸತ್ತೋರ ಬಾಯಲ್ಲೂ ಏನ್ ಬೇಕಾದ್ರೂ ಆಡಿಸ್ತಾರಂತೆ ಮಾರಾಯ. ನಿನ್ ಸೊಸೆ ಮೊದ್ಲೇ ಚುರುಕು."

ಅಂದಿನಿಂದ ನನಗೆ ಊಟ ಸೇರಲಿಲ್ಲ. ಸ್ನಾನ ಮಾಡಿ ದೀಪ ಹಚ್ಚದೆ ಒಲೆ ಮುಟ್ಟದವಳು ಅವಳು. ಕೊತ್ತಂಬರಿ, ಮೆಣಸಿನಕಾಯಿ ಹುರಿದು ತಾನೇ ಕುಟ್ಟುತ್ತಿದ್ದಳು. ಅವಳು ತುಂಬಿಟ್ಟ ಕೊನೆಯ ಪುಡಿಯ ಡಬ್ಬಿಯನ್ನು ಎಡೆಗೆಂದು ದೇವರ ಕೋಣೆಯಲ್ಲಿ ಎತ್ತಿಟ್ಟಿದ್ದೆ. ಈಗ ಸೊಸೆಯನ್ನು ಗಮನಿಸತೊಡಗಿದೆ. ನಾನು ಬಂದರೆ ಫೋನನ್ನು ಮಗುಚಿ ಇಡುತ್ತಿದ್ದಳು. ಮಂಚದ ಕೆಳಗೆ ಪುಡಿ ಕಂಪನಿಯ ಪೆಟ್ಟಿಗೆಯೊಂದಿತ್ತು.

ಎಡೆಯ ಬೆಳಿಗ್ಗೆ ಅವಳು ಡಬ್ಬಿ ಕೇಳಲು ಬಂದಳು. ನಾನು ಕೊಡಲಿಲ್ಲ.

"ಮೊದ್ಲು ಆ ವಿಡಿಯೊ ಅಳಿಸು. ಸತ್ತೋಳ ಬಾಯಲ್ಲಿ ಸುಳ್ಳಾಡಿಸಿ ದುಡ್ಡು ತಿಂತೀಯಾ?"

ಅವಳ ಮುಖ ಕೆಂಪಾಯಿತು. "ಯೂಟ್ಯೂಬ್‌ನಲ್ಲಿ ಜಾಹೀರಾತು ಬಂದ್ರೆ ಒಂದ್ ಪಾಲು ಕೊಡ್ತಾರೆ ಮಾವ. ಫೇಸ್‌ಬುಕ್‌ದು ಚೂರುಪಾರು. ಇನ್‌ಸ್ಟಾಗ್ರಾಂನಲ್ಲಿ ನಮ್ಗೆ ಸಿಗೋದು ಬರೀ ಲೈಕು. ಅಲ್ಲಿ ಹಿಂಗೆ ಕಂಪನಿಯೋರೇ ಹುಡ್ಕೊಂಡ್ ಬಂದ್ರೆ ದುಡ್ಡು. ಇದ್ನ ಒಪ್ಪಿದ್ದು ನಾನಲ್ಲ, ಅತ್ತೆ. ಈ ತಿಂಗ್ಳು ಹಾಕಿ ಅಂತ ಕಂಪನಿಯೋರು ಅಂದಿದ್ರು, ಹಾಕ್ದೆ."

"ನಂಬಲ್ಲ."

ಹಾಕುವಾಗ ಕತ್ತರಿಸಿ ತೆಗೆದಿದ್ದ ಭಾಗವೂ ಇದ್ದ ಪೂರ್ತಿ ವಿಡಿಯೊವನ್ನು ಅವಳು ತೋರಿಸಿದಳು. ನಮ್ಮದೇ ಅಡುಗೆಮನೆ. ಸುಮಿತ್ರ ಪ್ಯಾಕೆಟ್ಟಿನ ಪುಡಿಯನ್ನು ಡಬ್ಬಿಗೆ ಸುರಿಯುತ್ತಿದ್ದಳು. ಮುಚ್ಚಳ ನೆಗ್ಗಿದ ಇದೇ ಡಬ್ಬಿ.

"ಚೆನ್ನಾಗೈತೋ ಇಲ್ವೋ ನೋಡ್ದೆ ನಾನ್ ಹೇಳಲ್ಲ ಅಂದಿದ್ದೆ," ಎನ್ನುತ್ತಿದ್ದಳು. "ನಮ್ಮ ಯಜಮಾನ್ರು ಮೂರು ದಿನದಿಂದ ಇದ್ರ ಸಾರೇ ಉಂಡ್ಕಂಡು, ನಿನ್ ಕೈ ಪುಡಿ ಮುಂದೆ ಅಂಗಡೀದು ಯಾವ್ ಲೆಕ್ಕ ಅಂತವ್ರೆ. ನಾನೂ ಹ್ಞೂಂ ಅಂದ್ಬುಟ್ಟೆ. ಹಂಗಾದ್ರೆ ಚೆನ್ನಾಗೇ ಐತೆ ಕಣೇ." ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ಕೆಮ್ಮಾಯಿತು.

ಆ ಮಾತನ್ನು ನಾನು ಊಟದೆಲೆಯ ಮುಂದೆ ಅವಳೊಬ್ಬಳಿಗೇ ಆಡಿದ್ದೆ. ಯಾವ ಕಂಪ್ಯೂಟರಿಗೆ ಅದು ಗೊತ್ತಿರಲು ಸಾಧ್ಯ?

"ಇದನ್ನ ಯಾಕೆ ಕತ್ತರಿಸಿದೆ?"

"ನಿಮ್ಗೆ ನೋವಾಯ್ತದೆ ಅಂತ. ನಾನು ಒಬ್ಳೇ ಇದ್ನ ನೋಡ್ತಾ ಇರ್ತೀನಿ ಮಾವ. ಅಳಿಸ್ಲಾ?"

"ಬೇಡ. ಅವಳು ಸುಳ್ಳಾಡಿಲ್ಲ."

ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಆದರೂ ಕೇಳದಿರಲಾಗಲಿಲ್ಲ. "ಇದರಲ್ಲಿ ಉಳಿದಿರೋದು ಯಾವ ಪುಡಿ?"

"ಆಮೇಲೂ ಅತ್ತೆ ಒಂದ್ಸಲ ಕುಟ್ಟಿದ್ರು. ಇದು ಆ ಪುಡಿಯೋ ಪ್ಯಾಕೆಟ್ಟಿಂದೋ, ನಂಗೂ ಗೊತ್ತಿಲ್ಲ."

ಎಡೆ ಇಟ್ಟು, ಕೈಮುಗಿದು, ಆ ಸಾರನ್ನೇ ಕಲಸಿ ಉಂಡೆ. ಇನ್ನೊಂದು ಸಲ ಬಡಿಸಿಕೊಂಡು, ನಿಧಾನವಾಗಿ ಉಂಡೆ. ಗೊತ್ತಾಗಲಿಲ್ಲ.