ಮಳವಳ್ಳಿಯ ವಿಳಾಸ ಕೊಟ್ಟವನು

ಮುದುಕನಿಗೆ ಮರೆವು, ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತಾನೆ ಅಂತ ವಾಟ್ಸಾಪ್ ಗುಂಪಿನಲ್ಲಿ ಹಲ್ಲು ಕಿರಿದವರು ಯಾರು? ಕಟ್ಟಿಕೊಂಡ ಹೆಂಡತಿಯ ಫೋನ್ ನಂಬರೇ ನಿಮಗೆ ಬಾಯಿಗೆ ಬರುವುದಿಲ್ಲ, ನನ್ನ ನೆನಪಿನ ಮೇಲೆ ಪಂಚಾಯ್ತಿ ಮಾಡುತ್ತೀರಾ? ಕೆಂಪಸಿದ್ದಯ್ಯ ಇದನ್ನು ನನ್ನ ಜಗಲಿಯ ಮೇಲೆ ಕೂತು ಒಂದಲ್ಲ, ಮೂರು ಸಲ ಹೇಳಿದ್ದಾನೆ. ಊರಿಗೆಲ್ಲ ಹೇಳು ಅಂತ ಅವನೇ ಹೇಳಿದ ಮೇಲೆ ಹೇಳುತ್ತಿದ್ದೇನೆ. ಮಾತು ತುಂಡಾದರೆ ಮುಂದಿನದನ್ನು ಒತ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ.

ಕೆಂಪಸಿದ್ದಯ್ಯ ಯಾರೆಂದು ಶಿವಪುರದ ಸುತ್ತಮುತ್ತ ಬೀಗರೂಟ ಉಂಡವರನ್ನು ಕೇಳಿ. ಮದುವೆ ಮುಗಿದ ಮೇಲೆ ಎರಡೂ ಕಡೆಯವರು ಕೂತು ಬಾಡೂಟ ಉಣ್ಣುವಾಗ, ಆಚೆ ಒಲೆಯ ಮುಂದೆ ನಿಂತು ಎಲ್ಲರನ್ನೂ ಬೈಯುತ್ತಿರುತ್ತಾನಲ್ಲ, ಅವನೇ. ಮೂವತ್ತೈದು ವರ್ಷದಿಂದ ಅದೇ ಕೆಲಸ. ಈಗ ಮಗ ಚಲುವರಾಜುವೂ ಜೊತೆಗಿದ್ದಾನೆ. ಸಾವಿರ ಜನಕ್ಕೆ ಮುದ್ದೆ ಕಟ್ಟಿ, ಕುರಿಯ ಕರುಳಿನ ಬೋಟಿ ಗೊಜ್ಜು ಮಾಡಿ, ಕೊನೆಯ ಪಂಕ್ತಿಯವರಿಗೂ ಕಡಿಮೆ ಬೀಳದ ಹಾಗೆ ಬಡಿಸಿ ಕಳಿಸುವವನು.

ಹೋದ ವರ್ಷದ ಚಳಿಗಾಲದಲ್ಲಿ ಈ ಆಸಾಮಿಗೆ ಕೆಮ್ಮು ಹತ್ತಿತು. ಒಲೆಯ ಹೊಗೆ ಅಂದ. ಎರಡು ತಿಂಗಳಾದರೂ ಬಿಡಲಿಲ್ಲ. ಒಂದು ಬೆಳಿಗ್ಗೆ ಕಫದಲ್ಲಿ ಕೆಂಪು ಕಂಡಿತು. ಅವನು ಚಿಕ್ಕವನಿದ್ದಾಗ ಅವನಣ್ಣ ಹೀಗೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಆಮೇಲೆ ಎರಡು ವರ್ಷ ಅವರ ಮನೆಯಲ್ಲಿ ಯಾರೂ ಒಂದು ಲೋಟ ನೀರು ಮುಟ್ಟಿರಲಿಲ್ಲ. ಇನ್ನು ಕ್ಷಯ ಹಿಡಿದವನ ಕೈಯಡುಗೆಯನ್ನು ಯಾರು ಉಣ್ಣುತ್ತಾರೆ? ಮದ್ದೂರಿನ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆ ಅಂತ ಮಳವಳ್ಳಿ ಬಸ್ಸು ಹತ್ತಿದ. ಅಲ್ಲಿ ಅವನ ತಂಗಿ ಸೋಮಮ್ಮ ಇದ್ದಾಳೆ, ಗಂಡ ಸತ್ತವಳು, ಒಬ್ಬಳೇ. ಪರೀಕ್ಷೆಯಲ್ಲಿ ಟಿ.ಬಿ. ಅಂತ ಗೊತ್ತಾಯಿತು. ಎಲ್ಲಿರುತ್ತೀಯ ಅಂತ ಕೇಳಿದವರಿಗೆ ತಂಗಿಯ ಮನೆಯ ವಿಳಾಸ ಬರೆಸಿದ.

ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದ. ಚಕ್ಕೆ ಲವಂಗದ ಡಬ್ಬಿಯಲ್ಲಿಟ್ಟುಕೊಂಡು, ಮನೆಯವರಿಗೆ ಗ್ಯಾಸ್ಟ್ರಿಕ್ಕಿನದು ಅಂತ ಹೇಳಿಕೊಂಡು. ವಾಸಿಯೂ ಆಯಿತು. ಆದರೆ ಸರ್ಕಾರದವರು ರೋಗಿಯೊಬ್ಬನನ್ನೇ ನೋಡಿ ಸುಮ್ಮನಾಗುವುದಿಲ್ಲ. ಅವನ ಜೊತೆ ಒಂದೇ ಸೂರಿನಡಿ ಇದ್ದವರನ್ನೂ ಹುಡುಕಿಕೊಂಡು ಬರುತ್ತಾರೆ. ಬಂದರು. ಎಲ್ಲಿಗೆ? ಮಳವಳ್ಳಿಗೆ. ಸೋಮಮ್ಮನನ್ನು ಪರೀಕ್ಷೆ ಮಾಡಿ, ರೋಗ ಬರದ ಹಾಗೆ ಮುಂಜಾಗ್ರತೆಯ ಮಾತ್ರೆ ಕೊಟ್ಟು, ಹನ್ನೆರಡು ವಾರ ಬಿಡದೆ ನುಂಗಿಸಿದರು. ಅವನು ಕೆಮ್ಮಿದ್ದ ಮನೆ ಶಿವಪುರದ ಆಚೆಯ ಹಳ್ಳಿಯಲ್ಲಿ. ಆ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ನಡುಮನೆಯಲ್ಲಿ ಅವನ ಪಕ್ಕದ ಚಾಪೆಯ ಮೇಲೆ ಕೂತು ಓದುತ್ತಿದ್ದ ಮೊಮ್ಮಗಳು ಅರ್ಪಿತಳನ್ನು ಯಾರೂ ಪರೀಕ್ಷೆ ಮಾಡಲಿಲ್ಲ.

ಅರ್ಪಿತಳಿಗೆ ಇಪ್ಪತ್ತೊಂದು. ಮಂಡ್ಯದ ಹತ್ತಿರ ವಿ.ಸಿ. ಫಾರಂನ ಕಾಲೇಜಿನಲ್ಲಿ ಕೃಷಿ ಓದುತ್ತಾಳೆ. ಎರಡು ವರ್ಷದಿಂದ ಅವಳಿಗೆ ಕರುಳಿನಲ್ಲಿ ಹುಣ್ಣು. ದಿನಕ್ಕೆ ಹತ್ತು ಹನ್ನೆರಡು ಸಲ ಕಕ್ಕಸಿಗೆ ಓಡಬೇಕು, ಹೋದರೆ ಬರೀ ರಕ್ತ. ಗದ್ದೆಯ ಪಾಠಕ್ಕೆ ಕರೆದುಕೊಂಡು ಹೋದರೆ ಇವಳು ಭತ್ತದ ತಳಿ ನೋಡುವುದಿಲ್ಲ, ಕಕ್ಕಸು ಎಷ್ಟು ದೂರ ಅಂತ ನೋಡುತ್ತಾಳೆ. ಸ್ಟಿರಾಯ್ಡ್ ಮಾತ್ರೆ ಕೊಟ್ಟಾಗ ನಿಲ್ಲುತ್ತಿತ್ತು, ಮುಖ ಊದುತ್ತಿತ್ತು. ಇಳಿಸುತ್ತಾ ಬಂದರೆ ಮತ್ತೆ ಶುರು. ತೂಕ ಮೂವತ್ತೆಂಟು ಕೆ.ಜಿ.ಗೆ ಬಂದು ನಿಂತಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಕರುಳಿನೊಳಕ್ಕೆ ಕ್ಯಾಮೆರಾ ಬಿಟ್ಟು ತೆಗೆದ ಚಿತ್ರವನ್ನು ಡಾಕ್ಟರಮ್ಮ ತೋರಿಸಿದರು. ಶ್ವೇತ ಅಂತ ಅವರ ಹೆಸರು. ಅರ್ಪಿತಳ ತಾಯಿ, ಚಲುವರಾಜುವಿನ ಹೆಂಡತಿ ನಾಗರತ್ನಳಿಗೆ ಏನೂ ತಿಳಿಯಲಿಲ್ಲ. ಕೆಂಪಸಿದ್ದಯ್ಯನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕುರಿಯ ಬೋಟಿಯನ್ನು ಒಳಮಗ್ಗುಲು ಹೊರಗೆ ಮಾಡಿ ಮೂವತ್ತೈದು ವರ್ಷ ತೊಳೆದವನು. ಕರುಳು ಹೇಗಿರಬೇಕು ಅಂತ ಅವನ ಬೆರಳಿಗೆ ಗೊತ್ತು. ಇಂಥದ್ದು ಕೈಗೆ ಸಿಕ್ಕಿದ್ದರೆ ನಾಯಿಗೂ ಹಾಕದೆ ಗುಂಡಿ ತೋಡಿ ಮುಚ್ಚುತ್ತಿದ್ದ. ಅದು ಮೊಮ್ಮಗಳ ಹೊಟ್ಟೆಯೊಳಗಿತ್ತು.

"ಹೆದರಬೇಡಿ," ಅಂದರು ಡಾಕ್ಟರಮ್ಮ. "ಮನೆ ಕಾಯಬೇಕಾದ ನಾಯಿಗಳು ಮನೆಯವರನ್ನೇ ಕಚ್ತಿವೆ ಅಂದ್ಕೊಳ್ಳಿ. ಇಷ್ಟು ದಿನ ಸ್ಟಿರಾಯ್ಡ್ ಕೊಟ್ಟು ಎಲ್ಲ ನಾಯಿಗೂ ಮಂಪರು ಬರಿಸ್ತಿದ್ವಿ. ಈಗ ಬಂದಿರೋ ಇಂಜೆಕ್ಷನ್ ಹಾಗಲ್ಲ, ಅವುಗಳನ್ನ ಛೂ ಬಿಡೋ ಕೂಗನ್ನೇ ತಡೆಯುತ್ತೆ. ಆಪರೇಷನ್ ಮಾಡಿ ಕರುಳು ತೆಗೀಬೇಕು ಅಂತಿದ್ದ ಎಷ್ಟೋ ಜನ ಇದರಲ್ಲಿ ಎದ್ದು ಓಡಾಡ್ತಿದ್ದಾರೆ."

"ಹಾಕ್ಬುಡಿ ಮತ್ತೆ," ಅಂದಳು ನಾಗರತ್ನ.

"ಇರಿ. ಅದೇ ಕೂಗು ಕೇಳಿ ಆ ನಾಯಿಗಳು ಟಿ.ಬಿ. ಕ್ರಿಮಿಯನ್ನೂ ಕಾದು ಮಲಗಿಸಿಟ್ಟಿರ್ತವೆ. ಎದೆಯೊಳಗೆ ಎಲ್ಲಾದ್ರೂ ಅದು ಅಡಗಿದ್ರೆ, ಇಂಜೆಕ್ಷನ್ ಕೊಟ್ಟ ಮೇಲೆ ಎದ್ದು ಮೈಯೆಲ್ಲ ಹರಡಬಹುದು. ಮೆದುಳಿಗೂ ಹೋಗಬಹುದು. ರಕ್ತ ಪರೀಕ್ಷೆ, ಎಕ್ಸ್‌ರೇ ಎರಡರಲ್ಲೂ ಏನೂ ಇಲ್ಲ. ಆದ್ರೆ ಸ್ಟಿರಾಯ್ಡ್ ತಗೊಳ್ಳೋರಲ್ಲಿ ಆ ಪರೀಕ್ಷೆ ಒಮ್ಮೊಮ್ಮೆ ಮೋಸ ಮಾಡುತ್ತೆ. ಅದಕ್ಕೇ ಬಾಯಿಬಿಟ್ಟು ಕೇಳ್ತಿದೀನಿ. ಮನೇಲಿ ಯಾರಿಗಾದ್ರೂ ಟಿ.ಬಿ. ಬಂದಿತ್ತಾ?"

ನಾಗರತ್ನ ಬಾಯಿ ತೆರೆಯುವ ಮೊದಲೇ ಕೆಂಪಸಿದ್ದಯ್ಯ ಹೇಳಿಬಿಟ್ಟ. "ಇಲ್ಲ ಕಣವ್ವ. ನಮ್ ವಂಸದಲ್ಲೇ ಇಲ್ಲ."

ಹೇಳಿದ್ದು ಅವನಲ್ಲ, ಅವನ ನಾಲಿಗೆ. ಆರು ತಿಂಗಳು ಅದೇ ಅಭ್ಯಾಸವಾಗಿತ್ತು. ಮಂಗಳವಾರಕ್ಕೆ ಇಂಜೆಕ್ಷನ್ ಅಂತ ಬರೆದುಕೊಂಡರು. ಇನ್ನು ಐದು ದಿನ.

ಆ ಐದು ದಿನ ಅವನು ಪಟ್ಟ ಪಾಡು ಕೇಳಬೇಡಿ. ಅನ್ನ ಕಲೆಸಿ ಹಾಗೇ ಬಿಟ್ಟು ಏಳುತ್ತಿದ್ದ. ಅರ್ಪಿತ ಸೀನಿದರೆ ಬೆಚ್ಚುತ್ತಿದ್ದ, ನೀರು ನೆತ್ತಿಗೇರಿ ಕೆಮ್ಮಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ. ಪರೀಕ್ಷೆಯಲ್ಲಿ ಇಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಂಡರೆ, ಒಮ್ಮೊಮ್ಮೆ ಮೋಸ ಮಾಡುತ್ತೆ ಅನ್ನುವ ಮಾತು ಹಿಂದೆಯೇ ಬರುತ್ತಿತ್ತು. ಕೊನೆಗೆ ಭಾನುವಾರ ಮಳವಳ್ಳಿಗೆ ಹೋದ. ಸೋಮಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಏನಣ್ಣಯ್ಯ, ಈ ಸಲ ಯಾವ್ ಕಾಯ್ಲೆ ತಂದೆ ನಮ್ ಮನೆ ಅಡ್ರೆಸ್ಸಿಗೆ?"

ಅವನು ಪಕ್ಕದಲ್ಲಿ ಕುಸಿದು ಎಲ್ಲವನ್ನೂ ಹೇಳಿದ. ಅವಳ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

"ಹನ್ನೆಲ್ಡು ವಾರ ನುಂಗಿವ್ನಿ ನಾನು. ಉಚ್ಚೆಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗ್ತು. ನಿನ್ ಕೆಮ್ಮು ನನ್ ಕಿವಿಗೂ ಬಿದ್ದಿರ್ನಿಲ್ಲ, ಮಾತ್ರೆ ಮಾತ್ರ ನಂಗೆ. ನಿನ್ ಮಗ್ಗುಲಲ್ಲೇ ಇದ್ದ ಮಗೀಗೆ ಏನ್ ಕೊಟ್ರು?"

"ಪರೀಕ್ಸೇಲಿ ಏನೂ ಇಲ್ಲ ಅಂದವ್ರೆ ಕಣೆ."

"ಪರೀಕ್ಸೆ ಮ್ಯಾಲೆ ಅಷ್ಟು ನಂಬ್ಕೆ ಇದ್ರೆ ಇಲ್ಲಿಗ್ಯಾಕ್ ಬಂದೆ?"

ಅವನು ತಲೆ ತಗ್ಗಿಸಿದ. "ಊರ್ಗೆ ಗೊತ್ತಾದ್ರೆ ಒಬ್ರೂ ಒಲೆ ಅಚ್ಚಕ್ಕೆ ಕರಿಯಕ್ಕಿಲ್ಲ ಸೋಮಿ. ಚಲುವ್ನೂ ನನ್ ಜೊತೆ ಮೂಲೆಗ್ ಬೀಳ್ತಾನೆ. ಇಪ್ಪತ್ತಕ್ಕೆ ಚಿಕ್ಕಬೋರಯ್ಯನ ಮಗಳ ಬೀಗರೂಟ ಐತೆ, ಸಾವ್ರದ ಇನ್ನೂರು ಜನ."

"ಅಣ್ಣಯ್ಯ, ಆ ಮಗು ಸತ್ರೆ ತಿಥಿಗೂ ನೀನೇ ಅಡ್ಗೆ ಮಾಡು, ಓಗು," ಅಂದು ಸೋಮಮ್ಮ ಮೊರವನ್ನೆತ್ತಿಕೊಂಡು ಒಳಗೆ ಹೋದಳು. ಕಾಫಿಯನ್ನೂ ಕೊಡಲಿಲ್ಲ.

ಇಷ್ಟಾದರೂ ಅವನು ಹೇಳಲಿಲ್ಲ, ಕೇಳಿಸಿಕೊಳ್ಳಿ. ಸೋಮವಾರ ಹೇಳುತ್ತೇನೆ ಅಂದುಕೊಂಡ, ಸೋಮವಾರ ಕಳೆಯಿತು. ಮಂಗಳವಾರ ಬೆಳಿಗ್ಗೆ ಚಲುವರಾಜು ಬೇರೊಂದು ಊಟದ ಕೆಲಸಕ್ಕೆ ಹೋದ. ನಾಗರತ್ನ, ಅರ್ಪಿತರ ಜೊತೆ ಇವನು ಮಂಡ್ಯಕ್ಕೆ ಹೊರಟ. ಬಸ್ಸಿನಲ್ಲಿ ಹೇಳುತ್ತೇನೆ ಅಂದುಕೊಂಡ. ಮಂಡ್ಯ ಬಂದುಬಿಟ್ಟಿತು.

ಇಂಜೆಕ್ಷನ್ನಿನ ಕೋಣೆಯಲ್ಲಿ ಮೂರು ಹಾಸಿಗೆ. ಪಕ್ಕದ ಹಾಸಿಗೆಯಲ್ಲಿ ವಾಂತಿಭೇದಿಯಾಗಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದವನು ಯಾರು? ಬೇರೆ ಯಾರಾದರೂ ಇರಬಾರದಿತ್ತೇ? ಅದೇ ಚಿಕ್ಕಬೋರಯ್ಯ.

"ಏನ್ ಸಿದ್ದಣ್ಣ, ಇಪ್ಪತ್ತನೇ ತಾರೀಕು ಗ್ಯಾಪ್ನ ಐತಾ? ನಮ್ ಬೀಗ್ರು ಬೋಟಿ ಗೊಜ್ಜು ಅಂದ್ರೆ ಪ್ರಾಣ ಬುಡ್ತಾರೆ. ಮರ್ಯಾದೆ ತೆಗೀಬ್ಯಾಡ ಕಣಪ್ಪ."

"ಮೊದ್ಲು ನಿನ್ ಒಟ್ಟೆ ನೆಟ್ಗಾಗ್ಲಿ, ಆಮ್ಯಾಕೆ ಬೀಗ್ರ ಒಟ್ಟೆ," ಅಂದ ಕೆಂಪಸಿದ್ದಯ್ಯ.

ನರ್ಸಮ್ಮ ಅರ್ಪಿತಳ ಕೈಗೆ ಸೂಜಿ ಚುಚ್ಚಿ, ಬರೀ ಉಪ್ಪುನೀರಿನ ಬಾಟಲಿ ತೂಗುಹಾಕಿದಳು. ಔಷಧಿಯನ್ನು ಪಕ್ಕದ ಮೇಜಿನ ಮೇಲೆ ಬೆರೆಸುತ್ತಿದ್ದಳು. ಅರ್ಪಿತಳ ಮುಖದಲ್ಲಿ ಎರಡು ವರ್ಷದಿಂದ ಕಾಣದ ಗೆಲುವಿತ್ತು.

"ತಾತ, ಇದು ಕೆಲ್ಸ ಮಾಡ್ತು ಅಂದ್ರೆ ಮೊದ್ಲು ಏನ್ ಮಾಡ್ತೀನಿ ಗೊತ್ತಾ? ಮಂಡ್ಯದಿಂದ ಮದ್ದೂರ್ ಗಂಟ ಕಿಟ್ಕಿ ಪಕ್ಕ ಕೂತ್ಕೊಂಡು, ಒಂದ್ಸಲನೂ ಕಕ್ಕಸ್ ಗ್ಯಾನ ಇಲ್ದಂಗೆ ಬತ್ತೀನಿ."

ನರ್ಸಮ್ಮ ಒಂದು ಹಾಳೆಯನ್ನು ಅವನ ಮುಂದೆ ಹಿಡಿದಳು. "ಮನೇಲಿ ಯಾರಿಗೂ ಟಿ.ಬಿ. ಇರಲಿಲ್ಲ ಅಂತ ಇದೆ. ಹಿರಿಯರು ಒಂದು ರುಜು ಹಾಕಿ."

ಪೆನ್ನು ಕೈಗೆ ಬಂತು. ಹಾಳೆಯ ಮೇಲೆ ಕೆಂ ಅಂತ ಬರೆದ. ಅಲ್ಲಿಗೆ ಕೈ ನಿಂತಿತು. ಮೇಜಿನ ಮೇಲಿನ ಆ ಚಿಕ್ಕ ಬಾಟಲಿಯಲ್ಲಿ ನೊರೆಯೇಳದ ಹಾಗೆ ಔಷಧಿ ಕರಗುತ್ತಿತ್ತು. ಇನ್ನು ಎರಡು ನಿಮಿಷ ಅಂತ ಅವನಿಗೆ ತಿಳಿಯಿತು. ಅವನಣ್ಣ ಕೊನೆಯ ದಿನ ಉಸಿರು ಎಳೆದದ್ದು ಕಿವಿಯಲ್ಲಿ ಕೇಳಿಸಿತು. ಆ ಉಸಿರು ಅರ್ಪಿತಳ ಬಾಯಿಯಿಂದ ಬಂದ ಹಾಗಾಯಿತು.

"ನಿಲ್ಸವ್ವ!" ಅಂತ ಕೂಗಿದ. ಕೋಣೆ ಬೆಚ್ಚಿತು. "ಆಕ್ಬ್ಯಾಡ. ನಂಗೇ ಇತ್ತು ಕಣವ್ವ ಟಿ.ಬಿ. ಓದ್ವರ್ಸ. ಆರ್ ತಿಂಗ್ಳು ಮಾತ್ರೆ ನುಂಗಿವ್ನಿ. ಈ ಮಗು ನನ್ ಪಕ್ಕದಲ್ಲೇ ಕೂತು ಓದ್ತಿತ್ತು."

ಚಿಕ್ಕಬೋರಯ್ಯ ಹಾಸಿಗೆಯಲ್ಲಿ ಎದ್ದು ಕೂತ. ನಾಗರತ್ನ ಮಾವನ ಮುಖ ನೋಡಿದಳು, ನೋಡುತ್ತಲೇ ಇದ್ದಳು. ನರ್ಸಮ್ಮ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಅವರು ಬೈಯಲಿಲ್ಲ. ಎಷ್ಟು ದಿನ ಕೆಮ್ಮಿದಿರಿ, ಕಫದಲ್ಲಿ ಕ್ರಿಮಿ ಇತ್ತೇ, ಮಾತ್ರೆ ಮುಗಿಸಿದಿರಾ, ಇವಳು ಎಷ್ಟು ಹತ್ತಿರ ಇರುತ್ತಿದ್ದಳು ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು. ಎಲ್ಲಕ್ಕೂ ನಿಜ ಹೇಳಿದ. ಔಷಧಿಯನ್ನು ತೆಗೆದಿಟ್ಟರು. ಅರ್ಪಿತಳ ಕೈಯಿಂದ ಸೂಜಿ ಕಿತ್ತರು.

"ಅವತ್ತು ಡಾಕ್ಟ್ರು ಕೇಳ್ದಾಗ್ಲೂ ನಿಂಗೆ ಗೊತ್ತಿತ್ತಲ್ವಾ ತಾತ?"

"ಗೊತ್ತಿತ್ತು ಕಣವ್ವ."

"ಇವತ್ತು ಆಕ್ಬುಟ್ಟಿದ್ರೆ?"

ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಎದೆಯ ಸ್ಕ್ಯಾನ್ ಮಾಡಿದರು. ಎಕ್ಸ್‌ರೇಯಲ್ಲಿ ಕಾಣದಿದ್ದ ಗೋಲಿಯಷ್ಟು ಗಂಟು ಎದೆಯ ನಡುವೆ ಸಿಕ್ಕಿತು. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಲುವರಾಜು ಅಪ್ಪನ ಮುಂದೆ ತಟ್ಟೆ ಇಟ್ಟು ಆಚೆ ಹೋಗಿಬಿಡುತ್ತಿದ್ದ. ನಾಲ್ಕನೇ ದಿನ ಡಾಕ್ಟರಮ್ಮ ಕರೆಸಿ ಹೇಳಿದರು.

"ಟಿ.ಬಿ. ಇದೆ. ಇಂಜೆಕ್ಷನ್ ಹೋಗಿದ್ರೆ ಈ ಹುಡುಗಿ ಉಳೀತಿದ್ಲು ಅಂತ ನಾನು ಹೇಳಲಾರೆ."

ಆದರೆ ಕರುಳು ಕಾಯುತ್ತದೆಯೇ? ಎರಡು ತಿಂಗಳು ಟಿ.ಬಿ. ಮಾತ್ರೆಯೇ ಮೊದಲು, ಅದು ಹಿಡಿತಕ್ಕೆ ಬಂದ ಮೇಲೆ ಬೇರೊಂದು ಇಂಜೆಕ್ಷನ್ ಅಂದರು. ಅದು ಇತ್ತೀಚಿನದಂತೆ. ಕರುಳಿನಲ್ಲಿ ಮಾತ್ರ ಕೆಲಸ ಮಾಡುತ್ತದಂತೆ, ಎದೆಯ ಕಾವಲನ್ನು ಅಷ್ಟಾಗಿ ಮುಟ್ಟುವುದಿಲ್ಲವಂತೆ, ಆದರೆ ನಿಧಾನ. ಆ ಎರಡು ತಿಂಗಳಲ್ಲಿ ಅವಳು ಮೂವತ್ತೈದು ಕೆ.ಜಿ.ಗೆ ಇಳಿದಳು. ಒಂದು ಸಲ ಕಕ್ಕಸಿನಲ್ಲೇ ತಲೆ ತಿರುಗಿ ಬಿದ್ದು, ರಕ್ತ ಕೊಡಿಸಬೇಕಾಯಿತು. ಅವಳು ಒಳಗೆ ಹೋದಾಗಲೆಲ್ಲ ಕೆಂಪಸಿದ್ದಯ್ಯ ಹೊರಗೆ ನಿಂತು "ಅವ್ವಾ" ಅನ್ನುತ್ತಿದ್ದ. "ಇವ್ನಿ", ಅಂದರೆ ಇದ್ದೇನೆ, ಅಂತ ಒಳಗಿಂದ ದನಿ ಬಂದರೆ ಉಸಿರು ಬಿಡುತ್ತಿದ್ದ. ಬೇರೆ ಮಾತನ್ನು ಅವಳು ಅವನ ಜೊತೆ ಆಡುತ್ತಿರಲಿಲ್ಲ, ಆ ಒಂದು ಮಾತನ್ನು ಮಾತ್ರ ತಪ್ಪದೆ ಹೇಳುತ್ತಿದ್ದಳು.

ಚಿಕ್ಕಬೋರಯ್ಯ ಬೀಗರೂಟವನ್ನು ಬೇರೆಯವರಿಗೆ ಕೊಟ್ಟ. ವಾಸಿಯಾದವನಿಂದ ಯಾರಿಗೂ ಹರಡುವುದಿಲ್ಲ ಅಂತ ಆಸ್ಪತ್ರೆಯವರೇ ಹೇಳಿದರೂ ಕೇಳಲಿಲ್ಲ. ಅವನ ಹಿಂದೆಯೇ ಇನ್ನೂ ನಾಲ್ಕು ಮನೆಯವರು ಬಿಟ್ಟರು. ಈಗ ಒಬ್ಬಿಬ್ಬರು ತಿರುಗಿ ಕರೆಯುತ್ತಿದ್ದಾರೆ. ಕರೆದವರಿಗೆ ಅವನೇ ಮೊದಲು ಹೇಳುತ್ತಾನೆ, ನನಗೆ ಟಿ.ಬಿ. ಇತ್ತು, ಬೇಕಾದರೆ ಒಲೆ ಹಚ್ಚುತ್ತೇನೆ, ಬೇಡವಾದರೆ ಈಗಲೇ ಹೇಳಿ ಅಂತ.

ಅರ್ಪಿತಳಿಗೆ ಕರುಳಿನ ಇಂಜೆಕ್ಷನ್ ಮೂರು ಆಗಿದೆ. ರಕ್ತ ನಿಂತಿದೆ, ನಾಲ್ಕು ಕೆ.ಜಿ. ತೂಕ ಏರಿದೆ. ಪೂರ್ತಿ ಗೆದ್ದಳು ಅಂತ ಡಾಕ್ಟರಮ್ಮ ಇನ್ನೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅವಳು ಕೆಮ್ಮಿದರೆ ಈಗಲೂ ಅವನು ಕೂತಲ್ಲಿಂದ ಎದ್ದು ನಿಲ್ಲುತ್ತಾನೆ.

ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮದುವೆ ಮನೆಯ ಗುಂಪಿಗೆ, ಸಂಘದ ಗುಂಪಿಗೆ, ನೆಂಟರ ಗುಂಪಿಗೆ ಕಳಿಸಿ. ಫೋನಿಲ್ಲದವರ ಮನೆಗೆ ಹೋಗಿ ಬಾಯಲ್ಲಿ ಹೇಳಿ. ಇನ್ನೊಂದು ತಾಲ್ಲೂಕಿನಲ್ಲಿ ಇನ್ನೊಬ್ಬರ ವಿಳಾಸ ಕೊಟ್ಟು ಕದ್ದು ಮಾತ್ರೆ ನುಂಗುತ್ತಿರುವವರು ನಿಮ್ಮ ನಡುವೆಯೇ ಯಾರೋ ಇದ್ದಾರೆ. ಅವರ ಪಕ್ಕದಲ್ಲೂ ಒಂದು ಮಗು ಕೂತು ಓದುತ್ತಿರುತ್ತದೆ. ಇವತ್ತೇ ಕಳಿಸಿ.